ಕಾಗುಣಿತ ಬರೆಯುವ ಲೂಪ್

ಒಂದು ಸಾಲು ಟೈಪ್ ಮಾಡು, ಅದನ್ನು ಅರವತ್ತು ಸಲ ಪೇಸ್ಟ್ ಮಾಡು, ಆಮೇಲೆ ಒಂದೊಂದೇ ಸಾಲಿಗೆ ಹೋಗಿ 1 ಇದ್ದದ್ದನ್ನು 2, 3, 4 ಅಂತ ತಿದ್ದುತ್ತಾ ಕೂರು. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಡಿಟಿಪಿ ಅಂಗಡಿಗಳನ್ನು ಸುತ್ತಿದರೆ ಈ ಕೆಲಸ ಮಾಡುತ್ತಾ ಕೂತ ಹುಡುಗ ಒಬ್ಬನಾದರೂ ಸಿಗುತ್ತಾನೆ. ನನ್ನದೂ ಅದೇ ಧಂದೆ. ಲೇಬಲ್, ಕೂಪನ್, ರಸೀದಿ ಪುಸ್ತಕ, ಹಾಜರಿ ಪಟ್ಟಿ, ಶಾಲೆಯ ಚಾರ್ಟು, ಬೇಳೆ ಮಿಲ್ಲಿನ ಚೀಲಕ್ಕೆ ಅಂಟಿಸುವ ಚೀಟಿ. ಎಲ್ಲದರಲ್ಲೂ ಒಂದೇ ಮಾತು ನೂರಾರು ಸಲ ಬರುತ್ತದೆ, ನಡುವೆ ಒಂದೆರಡು ಅಕ್ಷರ ಮಾತ್ರ ಬದಲಾಗುತ್ತವೆ.

ಇದಕ್ಕೆ ನಾನು ಬಳಸುವುದು ವಿಮ್ ಎಡಿಟರ್, ಅದರೊಳಗಿನ ಫಾರ್ ಲೂಪ್, ಅಂದರೆ ಒಂದೇ ಕೆಲಸವನ್ನು ಪಟ್ಟಿಯ ಒಂದೊಂದಕ್ಕೂ ಮತ್ತೆ ಮತ್ತೆ ಮಾಡಿಸುವ ಕಮಾಂಡ್. ಬೇರೆ ಪ್ರೋಗ್ರಾಂ ಬರೆಯುವ ಗೋಜಿಲ್ಲ. ಬರೆಯುವ ಹಾಳೆಯಲ್ಲೇ ಲೂಪ್ ಓಡುತ್ತದೆ, ಬಂದದ್ದು ಕಣ್ಣೆದುರೇ ಇರುತ್ತದೆ, ಸರಿ ಇಲ್ಲ ಅಂದರೆ ಯು ಒತ್ತಿದರೆ ಆಯಿತು. ಲೂಪ್ ಐನೂರು ಸಾಲು ಸುರಿದಿದ್ದರೂ ಒಂದೇ ಯು ಸಾಕು, ಅಷ್ಟೂ ಸಾಲು ಒಟ್ಟಿಗೆ ಮಾಯ. ಇದೊಂದು ಕಾರಣಕ್ಕೇ ನಾನು ವಿಮ್ ಬಿಟ್ಟು ಹೋಗಿಲ್ಲ.

ಮೊದಲೇ ಒಂದು ಮಾತು. ಕೆಳಗೆ ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಅಂಗಡಿಯ ಹುಡುಗನಿಗೆ ಫೋನಿನಲ್ಲಿ ಹೇಳುವುದೂ ಹೀಗೇ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿ. ವೇರಿಯೇಬಲ್ ಹೆಸರೂ ಇಂಗ್ಲಿಷಿನಲ್ಲೇ ಇರಲಿ, ವಿಮ್ ಕನ್ನಡದ ಹೆಸರು ಒಪ್ಪುವುದಿಲ್ಲ. ಕೋಟ್ ಒಳಗಿನ ಮಾತು ಮಾತ್ರ ಯಾವ ಭಾಷೆಯಲ್ಲಿದ್ದರೂ ನಡೆಯುತ್ತದೆ.

ಅತಿ ಸಣ್ಣ ಲೂಪ್ ಹೀಗಿದೆ:

:ಫಾರ್ ಐ ಇನ್ ರೇಂಜ್(1, 60) | ಪುಟ್ ='ರೋಲ್ ನಂ. ' . ಐ | ಎಂಡ್‌ಫಾರ್

ಐ ಒಂದೊಂದೇ ಅಂಕಿ ಆಗುತ್ತಾ ಹೋಗುತ್ತದೆ, ಪುಟ್ ಪ್ರತಿ ಸಲ ಒಂದು ಸಾಲು ಹಾಕುತ್ತದೆ. ಎಂಟರ್ ಒತ್ತಿದರೆ 1ರಿಂದ 60ರವರೆಗೆ ಅರವತ್ತು ಸಾಲು. ಪೈಥಾನ್ ಕಲಿತು ಬಂದ ಹುಡುಗರು ಇಲ್ಲಿ 61 ಅಂತ ಹಾಕುತ್ತಾರೆ, ಯಾಕಂದರೆ ಪೈಥಾನ್‌ನ ರೇಂಜ್ ಕೊನೆಯ ಅಂಕಿಯನ್ನು ಬಿಟ್ಟುಬಿಡುತ್ತದೆ. ವಿಮ್ ಬಿಡುವುದಿಲ್ಲ, 60 ಅಂದರೆ 60. ಇನ್ನೊಂದು, ಪುಟ್ ಜೊತೆ ಸಿಂಗಲ್ ಕೋಟ್ ಹಾಕಿ. ಡಬಲ್ ಕೋಟ್ ಕಂಡರೆ ವಿಮ್ ಅಲ್ಲಿಂದ ಮುಂದೆ ಕಮೆಂಟ್, ಅಂದರೆ ಓಡಿಸಬೇಕಿಲ್ಲದ ಟಿಪ್ಪಣಿ, ಅಂದುಕೊಂಡು ನಿಂತುಬಿಡುತ್ತದೆ. ಖಾಲಿ ಫೈಲಿನಲ್ಲಿ ಪುಟ್ ಓಡಿಸಿದರೆ ಮೊದಲ ಸಾಲು ಖಾಲಿಯಾಗಿ ಉಳಿಯುತ್ತದೆ ಅನ್ನುವುದೂ ನೆನಪಿರಲಿ. ಅದನ್ನು ಅಳಿಸದೆ ಲೇಬಲ್ ಶೀಟಿಗೆ ಸುರಿದರೆ ಮೊದಲ ಸ್ಟಿಕ್ಕರ್ ಬೋಳು, ಉಳಿದದ್ದೆಲ್ಲ ಒಂದೊಂದು ಮನೆ ಮುಂದೆ.

ಇಷ್ಟು ಬಂದ ಮೇಲೆ ಎಲ್ಲರಿಗೂ ಒಂದು ಆಸೆ ಹುಟ್ಟುತ್ತದೆ. ಲೂಪಿಗೆ ಬುದ್ಧಿ ತುಂಬುವ ಆಸೆ. ಇಂಥ ನಂಬರ್ ಬಂದರೆ ಬಿಡು, ಅಂಥ ದಿನ ಬಂದರೆ ಹಾರಿಸು, ಇಲ್ಲಿ ಇಫ್, ಅಲ್ಲಿ ಎಲ್ಸ್. ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ಉಲ್ಟಾ. ಲೂಪ್ ದಡ್ಡ ಇರಬೇಕು. ಎಲ್ಲವನ್ನೂ ಹೊರಗೆ ಹಾಕಲಿ. ಬೇಡದ್ದನ್ನು ಆಮೇಲೆ ನಾವು ಕಣ್ಣಲ್ಲಿ ನೋಡಿ ತೆಗೆಯೋಣ. ಎಡಿಟರ್ ಇರುವುದೇ ಅದಕ್ಕೆ ಅಲ್ವಾ?

ಹಾಜರಿ ಪಟ್ಟಿ ನೋಡಿ. ತಿಂಗಳ ತಾರೀಖುಗಳು ಬೇಕು, ಪಕ್ಕದಲ್ಲಿ ವಾರದ ಹೆಸರು ಬೇಕು. ಒಂದು ದಿನಕ್ಕೆ 86400 ಸೆಕೆಂಡು. ಶುರುವಿನ ಹೊತ್ತಿಗೆ ಅದನ್ನೇ ಕೂಡಿಸುತ್ತಾ ಹೋಗಿ, ಎಸ್‌ಟಿಆರ್‌ಎಫ್‌ಟೈಮ್ ಅನ್ನುವ ಫಂಕ್ಷನ್ನಿಗೆ ಕೊಟ್ಟರೆ ತಾರೀಖು ಬರುತ್ತದೆ. ಬೇಸಿಗೆಗೊಮ್ಮೆ ಚಳಿಗಾಲಕ್ಕೊಮ್ಮೆ ಗಡಿಯಾರ ಹಿಂದೆ ಮುಂದೆ ಮಾಡುವ ದೇಶಗಳಲ್ಲಿ ಈ ಲೆಕ್ಕ ವರ್ಷಕ್ಕೆರಡು ಸಲ ಎಡವಬಹುದು, ನಮ್ಮಲ್ಲಿ ಆ ಪದ್ಧತಿ ಇಲ್ಲದ್ದರಿಂದ ಚಿಂತೆ ಇಲ್ಲ. ಅದೇ ಫಂಕ್ಷನ್ ವಾರವನ್ನು 0ರಿಂದ 6ರವರೆಗಿನ ಅಂಕಿಯಾಗಿಯೂ ಕೊಡುತ್ತದೆ, ರವಿವಾರ 0. ವಾರದ ಏಳು ದಿನಗಳ ಕನ್ನಡ ಹೆಸರುಗಳ ಪಟ್ಟಿ ಇಟ್ಟುಕೊಂಡರೆ ಆ ಅಂಕಿಗೆ ತಕ್ಕ ಹೆಸರು ಎತ್ತಿ ಹಾಕಬಹುದು.

ಈಗ ರವಿವಾರ ಬೇಡ. ಲೂಪಿನೊಳಗೆ ಇಫ್ ಬರೆಯಬೇಡಿ. ಮೂವತ್ತೂ ಸಾಲು ಬರಲಿ. ಆಮೇಲೆ ಕೋಲನ್, ಜಿ, ಓರೆಗೆರೆ, ರವಿವಾರ, ಓರೆಗೆರೆ, ಡಿ. ರವಿವಾರ ಇರುವ ಸಾಲೆಲ್ಲ ಹೋಯಿತು. ಸರ್ಕಾರಿ ಆಫೀಸಿನ ಪಟ್ಟಿಯಾದರೆ ಎರಡನೇ ಮತ್ತು ನಾಲ್ಕನೇ ಶನಿವಾರವೂ ರಜೆ. ಇದು ಎಷ್ಟನೇ ಶನಿವಾರ ಅಂತ ಲೂಪಿಗೆ ಕಲಿಸುವಷ್ಟರಲ್ಲಿ ನೀವು ಕೈಯಿಂದಲೇ ಎರಡು ಸಾಲು ಅಳಿಸಿ ಚಹಾ ಕುಡಿದು ಬರಬಹುದು. ಹಬ್ಬದ ರಜೆ ಅಂತೂ ಯಾವ ಲೂಪಿಗೂ ತಿಳಿಯುವುದಿಲ್ಲ, ಗಿರಾಕಿಯನ್ನೇ ಕೇಳಬೇಕು.

ಎಂಜಿನಿಯರಿಂಗ್ ಕಾಲೇಜಿನ ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ) ಲೇಬಲ್ಲೂ ಹೀಗೇ. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನಂಬರಿನಲ್ಲಿ ಹತ್ತು ಅಕ್ಷರ. ಮೊದಲನೆಯದು ವಲಯ, ಕಲಬುರಗಿ ವಲಯಕ್ಕೆ 3. ಆಮೇಲೆ ಕಾಲೇಜಿನ ಎರಡಕ್ಷರ, ಸೇರಿದ ವರ್ಷದ ಎರಡಂಕಿ, ಬ್ರಾಂಚಿನ ಎರಡಕ್ಷರ, ಕೊನೆಗೆ ಮೂರಂಕಿಯ ಕ್ರಮಸಂಖ್ಯೆ. ಬದಲಾಗುವುದು ಕೊನೆಯ ಮೂರಂಕಿ ಮಾತ್ರ, ಅದೂ 1 ಅಲ್ಲ, 001. ಅದಕ್ಕೆ ಪ್ರಿಂಟ್‌ಎಫ್ ಇದೆ, ಶೇಕಡಾ ಚಿಹ್ನೆ, 03, ಡಿ ಅಂತ ಕೊಟ್ಟರೆ ಮುಂದೆ ಸೊನ್ನೆ ತುಂಬಿಕೊಡುತ್ತದೆ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರ ಕ್ರಮಸಂಖ್ಯೆ 400ರ ಸರಣಿ, ಅವರ ವರ್ಷದ ಅಂಕಿಯೂ ಉಳಿದವರಿಗಿಂತ ಒಂದು ಮುಂದೆ. ಇದನ್ನೂ ಅದೇ ಲೂಪಿಗೆ ತುರುಕಬೇಡಿ. ಅವರಿಗೆ ಇನ್ನೊಂದು ಲೂಪ್. ಕಾಲೇಜು ಬಿಟ್ಟುಹೋದವರ ನಂಬರ್ ನಡುನಡುವೆ ಖಾಲಿ ಇರುತ್ತದೆ, ಅವನ್ನು ಕೊನೆಗೆ ಜಿ ಕಮಾಂಡಿನಿಂದ ತೆಗೆಯಿರಿ. ತೆಗೆಯುವಾಗ 014 ಆದ ಮೇಲೆ ಡಾಲರ್ ಚಿಹ್ನೆ ಹಾಕಿದರೆ ಸಾಲಿನ ಕೊನೆಯಲ್ಲಿ 014 ಇದ್ದದ್ದು ಮಾತ್ರ ಹೋಗುತ್ತದೆ.

ಲೂಪ್ ಬರೆಯದೆಯೂ ಇದನ್ನು ಮಾಡಬಹುದು. 000 ಅಂತ ಮುಗಿಯುವ ಒಂದೇ ಸಾಲನ್ನು ಅರವತ್ತು ಸಲ ಹಾಕಿ, ಆ ಕೊನೆಯ ಅಂಕಿಗಳನ್ನು ಮಾತ್ರ ಬ್ಲಾಕ್ ಮಾಡಿ ಆರಿಸಿ, ಜಿ ಒತ್ತಿ ಕಂಟ್ರೋಲ್ ಎ ಒತ್ತಿದರೆ 001, 002, 003 ಅಂತ ತಾನೇ ಏರುತ್ತಾ ಹೋಗುತ್ತದೆ. ಬಹಳ ಚಂದ. ಒಂದೇ ತೊಡಕು ಅಂದರೆ, ಹಳೆಯ ಸೆಟ್ಟಿಂಗ್ ಇರುವ ವಿಮ್‌ನಲ್ಲಿ ಸೊನ್ನೆಯಿಂದ ಶುರುವಾಗುವ ಅಂಕಿಯನ್ನು ಅದು ಆಕ್ಟಲ್, ಅಂದರೆ 8 ಮತ್ತು 9 ಇಲ್ಲದ ಎಂಟರ ಲೆಕ್ಕ, ಅಂತ ಓದುತ್ತದೆ. ಆಗ 007 ಆದ ಮೇಲೆ 008 ಬರುವುದಿಲ್ಲ, 010 ಬರುತ್ತದೆ. 8 ಮತ್ತು 9ನೇ ನಂಬರಿನ ಹುಡುಗರು ಕಾಲೇಜಿನಿಂದಲೇ ಮಾಯ. ಎನ್‌ಆರ್‌ಫಾರ್ಮ್ಯಾಟ್ಸ್ ಅನ್ನುವ ಸೆಟ್ಟಿಂಗಿನಿಂದ ಆಕ್ಟಲ್ ತೆಗೆದರೆ ಸರಿಹೋಗುತ್ತದೆ. ವಿಮ್ ಬೇಡ ಅನ್ನುವವರಿಗೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಆಲ್ಟ್ ಸಿ ಒತ್ತಿದರೆ ಕಾಲಂ ಎಡಿಟರ್ ತೆರೆಯುತ್ತದೆ, ಎಲ್ಲಿಂದ ಶುರು, ಎಷ್ಟೆಷ್ಟು ಏರಬೇಕು, ಮುಂದೆ ಸೊನ್ನೆ ಬೇಕಾ ಅಂತ ಕೇಳುತ್ತದೆ. ಸಾದಾ ನಂಬರಿಗೆ ಅದು ಸಾಕು.

ಆದರೆ ಸಾದಾ ನಂಬರಲ್ಲದ ಕೆಲಸ ಬಂದಾಗ ಲೂಪೇ ಬೇಕು. ಜೇವರ್ಗಿ ಕಡೆಯ ಸರ್ಕಾರಿ ಶಾಲೆಯ ಟೀಚರ್ ಒಬ್ಬರು ಕಾಗುಣಿತದ ದೊಡ್ಡ ಚಾರ್ಟ್ ಬೇಕು ಅಂತ ಬಂದರು. ಗೋಡೆ ತುಂಬ ಹಾಕುವಂಥದ್ದು, ಎಲ್ಲಾ ಅಕ್ಷರಗಳದ್ದೂ. ಲೆಕ್ಕ ಹಾಕಿ ನೋಡಿ: ವ್ಯಂಜನ 34, ಒಂದೊಂದಕ್ಕೆ ಕ ಕಾ ಕಿ ಕೀ ಅಂತ ಕಃ ತನಕ 15 ರೂಪ. ಒಟ್ಟು 510. ಒಬ್ಬರು ಟೈಪ್ ಮಾಡಿ ಇನ್ನೊಬ್ಬರು ತಪ್ಪು ಹುಡುಕುವುದು ಅಂದರೆ ಅರ್ಧ ದಿನ ಹೋಯಿತು. ಲೂಪಿನೊಳಗೆ ಲೂಪ್ ಅಂದರೇನು ಅಂತ ಪಾಠ ಮಾಡುವವರು ಯಾಕೆ ಕಾಗುಣಿತದಿಂದ ಶುರು ಮಾಡುವುದಿಲ್ಲವೋ ನನಗಂತೂ ಗೊತ್ತಿಲ್ಲ. ಹೊರಗಿನದು ಕ, ಖ, ಗ. ಒಳಗಿನದು ದೀರ್ಘ, ಗುಡಿಸು, ಕೊಂಬು. ಕನ್ನಡ ಶಾಲೆಗೆ ಹೋದ ಎಲ್ಲರೂ ಒಂದನೇ ತರಗತಿಯಲ್ಲೇ ಈ ಲೂಪನ್ನು ರಾಗವಾಗಿ ಓಡಿಸಿದ್ದಾರೆ.

ಅಕ್ಷರಗಳನ್ನು ಕೈಯಿಂದ ಟೈಪ್ ಮಾಡುವ ಬದಲು ಯುನಿಕೋಡ್ ನಂಬರಿನಿಂದಲೇ ತರಿಸೋಣ ಅನ್ನಿಸುವುದು ಸಹಜ. ಕ ಅಕ್ಷರದ ನಂಬರ್ 3221, ಹ ಅಕ್ಷರದ್ದು 3257. ಎನ್‌ಆರ್2ಚಾರ್ ಅನ್ನುವ ಫಂಕ್ಷನ್ ನಂಬರ್ ಕೊಟ್ಟರೆ ಅಕ್ಷರ ಕೊಡುತ್ತದೆ. ರೇಂಜ್(3221, 3257) ಓಡಿಸಿ ನೋಡಿ, ಮಜಾ ಇದೆ. ಬರುವುದು 37 ಸಾಲು. ನ ಮತ್ತು ಪ ನಡುವೆ ಒಂದು ಖಾಲಿ ಡಬ್ಬಿ. ರ ಆದಮೇಲೆ ಹಳಗನ್ನಡದ ಱ. ಲ ಆದ ಕೂಡಲೇ ಳ ಬಂದು ಕೂತಿರುತ್ತದೆ, ಅದರ ಬೆನ್ನಿಗೆ ಇನ್ನೊಂದು ಖಾಲಿ ಡಬ್ಬಿ, ಆಮೇಲೆ ವ.

ಇದು ಲೂಪಿನ ತಪ್ಪಲ್ಲ. ಭಾರತದ ಲಿಪಿಗಳಿಗೆ ಮೊದಲು ಇಸ್ಕಿ ಅಂತ ಒಂದು ಸಂಕೇತ ಪದ್ಧತಿ ಮಾಡಿದ್ದರು. ಎಲ್ಲಾ ಲಿಪಿಗೂ ಒಂದೇ ಸಾಲು, ಒಂದೇ ಕ್ರಮ. 1988ರ ಆ ಕ್ರಮವನ್ನೇ ಯುನಿಕೋಡ್ ಕೂಡ ಇಟ್ಟುಕೊಂಡಿತು. ಹಾಗಾಗಿ ದೇವನಾಗರಿಯಲ್ಲಿ ಕ ಎಷ್ಟನೇ ಜಾಗದಲ್ಲಿದೆಯೋ ಕನ್ನಡದಲ್ಲೂ ಅಷ್ಟನೇ ಜಾಗದಲ್ಲೇ ಇದೆ. ತಮಿಳಿಗೆ ಎರಡನೇ ನ ಇದೆ, ಳ ಆದಮೇಲೆ ಇನ್ನೊಂದು ಅಕ್ಷರ ಇದೆ. ಕನ್ನಡದಲ್ಲಿ ಆ ಎರಡು ಜಾಗ ಹಾಗೇ ಖಾಲಿ ಬಿಟ್ಟರು. ನಮ್ಮ ವರ್ಣಮಾಲೆಯಲ್ಲಿ ಕೊನೆಗೆ ಕೂರುವ ಳ ಅಲ್ಲಿ ನಡುವೆ ಸಿಗುವುದೂ ಇದೇ ಕಾರಣಕ್ಕೆ. 37ರಲ್ಲಿ ಎರಡು ಖಾಲಿ, ಒಂದು ಱ. ಅವು ಹೋದರೆ ಸರಿಯಾಗಿ 34.

ಇಲ್ಲಿ ಮತ್ತೆ ಅದೇ ಮಾತು. ಇಫ್ ಹಾಕಿ 3241 ಬಂದರೆ ಬಿಡು, 3252 ಬಂದರೆ ಬಿಡು, ಳ ಬಂದರೆ ಹಿಡಿದಿಟ್ಟುಕೊಂಡು ಕೊನೆಗೆ ಹಾಕು ಅಂತೆಲ್ಲ ಬರೆಯಬಹುದು. ಬೇಡ. 37 ಸಾಲೂ ಬರಲಿ. ಬೇಡದ ಮೂರು ಸಾಲಿನ ಮೇಲೆ ಹೋಗಿ ಡಿಡಿ ಒತ್ತಿ ಅಳಿಸಿ. ಳ ಸಾಲನ್ನು ಕತ್ತರಿಸಿ ಕೊನೆಗೆ ಪೇಸ್ಟ್ ಮಾಡಿ. ಆಯಿತು, ವರ್ಣಮಾಲೆ ನಮ್ಮ ಕ್ರಮಕ್ಕೆ ಬಂತು. ಅದೇ 34 ಅಕ್ಷರವನ್ನು ವ್ಯಂಜನ ಅನ್ನುವ ಪಟ್ಟಿಗೆ ಹಾಕಿಕೊಳ್ಳಿ.

ಮಾತ್ರೆಗಳನ್ನು, ಅಂದರೆ ವ್ಯಂಜನಕ್ಕೆ ಅಂಟುವ ಸ್ವರಚಿಹ್ನೆಗಳನ್ನು, ಮಾತ್ರ ನಂಬರಿನಿಂದ ತರುವುದೇ ವಾಸಿ. ಕೈಯಿಂದ ಹಾಕಿದರೆ ದೀರ್ಘ, ಗುಡಿಸು ಎಲ್ಲ ಹೋಗಿ ಪಕ್ಕದ ಕೋಟ್ ಚಿಹ್ನೆಗೆ ಅಂಟಿಕೊಳ್ಳುತ್ತವೆ, ಯಾವುದು ಎಲ್ಲಿದೆ ಅಂತ ಪರದೆಯ ಮೇಲೆ ತಿಳಿಯುವುದೇ ಇಲ್ಲ. ದೀರ್ಘದ ಮಾತ್ರೆ 3262, ಗುಡಿಸು 3263, ಹೀಗೆ ಔತ್ವದ 3276ರವರೆಗೆ. ನಡುವೆ 3269 ಮತ್ತು 3273 ಖಾಲಿ, 3268 ದೀರ್ಘ ಋ ಮಾತ್ರೆ, ಅದು ಕಾಗುಣಿತಕ್ಕೆ ಬೇಡ. ಸೊನ್ನೆ 3202, ವಿಸರ್ಗ 3203. ಇವನ್ನೆಲ್ಲ ಮಾತ್ರೆ ಅನ್ನುವ ಪಟ್ಟಿಗೆ ಹಾಕಿಕೊಳ್ಳಿ. ಪಟ್ಟಿಯ ಮೊದಲನೆಯದು ಖಾಲಿ ಕೋಟ್, ಯಾಕಂದರೆ ಬರೀ ಕ ಅಕ್ಷರಕ್ಕೆ ಮಾತ್ರೆ ಇಲ್ಲ.

ಫಾರ್ ವ್ಯ ಇನ್ ವ್ಯಂಜನ
ಪುಟ್ =ಜಾಯಿನ್(ಮ್ಯಾಪ್(ಕಾಪಿ(ಮಾತ್ರೆ), 'ವ್ಯ . ವಿ:ವ್ಯಾಲ್'), ' ')
ಎಂಡ್‌ಫಾರ್

ಇಷ್ಟೇ. ಮ್ಯಾಪ್ ಅನ್ನುವುದು ಒಳಗಿನ ಲೂಪಿನ ಕೆಲಸ ಮಾಡುತ್ತದೆ, ಒಂದೊಂದು ಮಾತ್ರೆಯ ಹಿಂದೆ ವ್ಯಂಜನ ಸೇರಿಸುತ್ತದೆ. ಕಾಪಿ ಅಂತ ಇದೆಯಲ್ಲ, ಅದನ್ನು ಸುಮ್ನೆ ಹಾಕಿದ್ದಲ್ಲ. ವಿಮ್‌ನ ಮ್ಯಾಪ್ ಹೊಸ ಪಟ್ಟಿ ಕೊಡುವುದಿಲ್ಲ, ಇದ್ದ ಪಟ್ಟಿಯನ್ನೇ ಬದಲಿಸಿಬಿಡುತ್ತದೆ. ಕಾಪಿ ಬಿಟ್ಟರೆ ಮೊದಲ ಸಾಲು ಕ ಕಾ ಕಿ ಅಂತ ಸರಿಯಾಗೇ ಬರುತ್ತದೆ. ಎರಡನೆಯದು ಖಕ ಖಕಾ ಖಕಿ. ಮೂರನೆಯದು ಗಖಕ ಗಖಕಾ ಗಖಕಿ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಒಂದೊಂದು ಪದ ರೈಲಿನಷ್ಟು ಉದ್ದ.

ಯುನಿಕೋಡ್ ಇರುವುದರಿಂದ ಇದು ಇಷ್ಟು ಸಲೀಸು. ನುಡಿ ಸಾಫ್ಟ್‌ವೇರಿನ ಹಳೆಯ ಫಾಂಟ್‌ಗಳಲ್ಲಿ ಹೀಗೆ ಜೋಡಿಸಲು ಆಗುತ್ತಿರಲಿಲ್ಲ. ಅಲ್ಲಿ ಕಾ ಎರಡು ತುಂಡು, ಕಿ ಒಂದೇ ತುಂಡು, ಒಂದೊಂದಕ್ಕೆ ಒಂದೊಂದು ನಿಯಮ. ನಮ್ಮಲ್ಲಿ ಇನ್ನೂ ಎಷ್ಟೋ ಪ್ರೆಸ್ಸುಗಳು ನುಡಿ ಫೈಲೇ ಕೇಳುತ್ತವೆ. ಅಂಥ ಕಡೆ ಲೂಪನ್ನು ಯುನಿಕೋಡಿನಲ್ಲಿ ಓಡಿಸಿ, ಕೊನೆಗೆ ಪರಿವರ್ತಕದಲ್ಲಿ ಹಾಕಿ ಕೊಡುತ್ತೇನೆ. ಟರ್ಮಿನಲ್ಲಿನಲ್ಲಿ ಕನ್ನಡ ಒಡೆದು ಕಂಡರೆ ಗಾಬರಿ ಬೇಡ, ಫೈಲು ಸರಿ ಇರುತ್ತದೆ, ಲಿಬ್ರೆ ಆಫೀಸಿನಲ್ಲಿ ತೆರೆದು ನೋಡಿ.

ಟೀಚರ್ ಪ್ರಿಂಟ್ ನೋಡಿ, "ಸರ, ಇವು ಸಣ್ಣ ಹುಡುಗರಿಗಿ ರೀ. ಙ, ಞ ಸಾಲು ಬ್ಯಾಡ್ರಿ. ಕೃನೂ ಈಗೇ ಬ್ಯಾಡ, ತೆಗೀರಿ" ಅಂದರು. ವ್ಯಂಜನದ ಪಟ್ಟಿಯಿಂದ ಎರಡಕ್ಷರ ತೆಗೆದೆ, ಮಾತ್ರೆಯ ಪಟ್ಟಿಯಿಂದ 3267 ತೆಗೆದೆ, ಮತ್ತೆ ಓಡಿಸಿದೆ. 32 ಸಾಲು, ಸಾಲಿಗೆ 14, ಒಟ್ಟು 448. ಅವರು ಕೂತಿದ್ದ ಕುರ್ಚಿಯಿಂದ ಏಳುವ ಮೊದಲೇ ಹೊಸ ಪ್ರಿಂಟ್ ಬಂದಿತ್ತು. ಕೈಯಿಂದ ಟೈಪ್ ಮಾಡಿದ್ದರೆ ಒಂದು ಕಾಲಂ ತೆಗೆಯಲು 34 ಸಲ ಅಳಿಸಬೇಕಿತ್ತು, ಬೇಜಾರು ಆಗುವುದು ಅಲ್ಲೇ.

ವಿಮ್ ತೆರೆದಾಗ ಉಗಾಂಡಾದ ಬಡ ಮಕ್ಕಳಿಗೆ ನೆರವಾಗಿ ಅಂತ ಒಂದು ಸಾಲು ಬರುತ್ತದೆ. ಪರದೆ ನೋಡುತ್ತಿದ್ದ ಟೀಚರ್ ಇದೇನ್ರಿ ಅಂತ ಕೇಳಿದರು. ಅದನ್ನು ಬರೆದ ನೆದರ್ಲ್ಯಾಂಡ್ಸ್‌ನ ಬ್ರಾಮ್ ಮೂಲೆನಾರ್ 1991ರಲ್ಲಿ ವಿಮ್ ಹೊರತಂದರು, ದುಡ್ಡು ಕೇಳಲಿಲ್ಲ, ಕೊಡುವ ಮನಸ್ಸಿದ್ದರೆ ಆ ಮಕ್ಕಳಿಗೆ ಕೊಡಿ ಅಂದರು. 2023ರ ಆಗಸ್ಟಿನಲ್ಲಿ ತೀರಿಕೊಂಡರು. ಪಟ್ಟಿ, ರೇಂಜ್, ಫಾರ್ ಲೂಪ್ ಎಲ್ಲ ವಿಮ್‌ಗೆ ಬಂದದ್ದು 2006ರ 7ನೇ ಆವೃತ್ತಿಯಲ್ಲಿ.

ಇನ್ನು ಕೂಪನ್. ಇದು ನಮ್ಮ ಧಂದೆಯವರಿಗೆ ಜಾಸ್ತಿ ಉಪಯೋಗ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ. ಚಿತ್ತಾಪುರ ಕಡೆಯ ಒಂದು ಸಾಮೂಹಿಕ ಮದುವೆಗೆ 750 ಊಟದ ಕೂಪನ್ ಬೇಕಿತ್ತು, ನಂಬರ್ ಕನ್ನಡ ಅಂಕಿಯಲ್ಲಿ. ಎ4 ಹಾಳೆಗೆ 8 ಕೂಪನ್ ಕೂರುತ್ತವೆ. ಒಂದನೇ ಹಾಳೆಯಲ್ಲಿ 1ರಿಂದ 8, ಎರಡನೆಯದರಲ್ಲಿ 9ರಿಂದ 16 ಅಂತ ಹಾಕಿದರೆ ಪ್ರಿಂಟ್ ಏನೋ ಸರಿಯಾಗೇ ಬರುತ್ತದೆ. ಕಟಿಂಗ್ ಮಷೀನಿಗೆ ಹೋದಾಗ ಗೋಳು. ಕಟ್ಟನ್ನು ಒಟ್ಟಿಗೆ ಇಟ್ಟು ಕತ್ತರಿಸಿದರೆ ಎಂಟು ಗುಡ್ಡೆ ಆಗುತ್ತವೆ, ಮೊದಲ ಗುಡ್ಡೆಯಲ್ಲಿ 1, 9, 17, 25. ಆಮೇಲೆ ಕೂತು ಒಂದೊಂದೇ ಜೋಡಿಸಬೇಕು.

ಅದರ ಬದಲು ಗುಡ್ಡೆಯ ಲೆಕ್ಕದಲ್ಲಿ ನಂಬರ್ ಹಾಕಬೇಕು. 750ಕ್ಕೆ 94 ಹಾಳೆ. ಹೊರಗಿನ ಲೂಪ್ ಹಾಳೆಗೆ, 1ರಿಂದ 94. ಒಳಗಿನದು ಹಾಳೆಯ ಮೇಲಿನ ಜಾಗಕ್ಕೆ, 0ಯಿಂದ 7. ನಂಬರ್ ಅಂದರೆ ಜಾಗವನ್ನು 94ರಿಂದ ಗುಣಿಸಿ ಹಾಳೆ ಕೂಡಿಸಿದ್ದು. ಒಂದನೇ ಹಾಳೆಯಲ್ಲಿ 1, 95, 189, 283, 377, 471, 565, 659 ಬರುತ್ತವೆ. ಎರಡನೆಯದರಲ್ಲಿ 2, 96, 190. ನೋಡಿದವರಿಗೆ ಅಂದಾದುಂದಿ ಅನ್ನಿಸುತ್ತದೆ. ಆದರೆ ಕತ್ತರಿಸಿದ ಮೇಲೆ ಮೊದಲ ಗುಡ್ಡೆ 1ರಿಂದ 94, ಎರಡನೆಯದು 95ರಿಂದ 188. ಒಂದರ ಕೆಳಗೆ ಒಂದು ಇಟ್ಟರೆ ಮುಗಿಯಿತು, ಪಿನ್ ಹೊಡೆಯುವುದೊಂದೇ ಬಾಕಿ.

ಅಂಕಿಯನ್ನು ಕನ್ನಡ ಮಾಡಲು ಟಿಆರ್ ಅನ್ನುವ ಫಂಕ್ಷನ್ ಇದೆ. ಟಿಆರ್(ನಂಬರ್, '0123456789', '೦೧೨೩೪೫೬೭೮೯') ಅಂದರೆ ಒಂದೊಂದು ಅಂಕಿಗೂ ಅದರ ಜೋಡಿ ಬಂದು ಕೂರುತ್ತದೆ, 189 ಹೋಗಿ ೧೮೯. ಮೂರನೆಯ ಜಾಗದಲ್ಲಿ ಉರ್ದು ಅಂಕಿ ಹಾಕಿದರೆ ಉರ್ದು. ನಮ್ಮ ಊರಲ್ಲಿ ಎರಡೂ ಗಿರಾಕಿ ಬರುತ್ತಾರೆ, ಲೂಪ್ ಒಂದೇ. ಕನ್ನಡ ಅಂಕಿಗೆ ಬದಲಿಸುವುದನ್ನು ಕೊನೆಗೆ ಇಟ್ಟುಕೊಳ್ಳಿ, ಯಾಕಂದರೆ ಕಂಟ್ರೋಲ್ ಎ ಕನ್ನಡ ಅಂಕಿಯನ್ನು ಅಂಕಿ ಅಂತಲೇ ಗುರುತಿಸುವುದಿಲ್ಲ. ಸಾಲುಗಳು ಸರಿ ಇವೆಯಾ ಅಂತ ನೋಡಲು ಫೈಲಿನ ನಕಲಿನ ಮೇಲೆ ಸಾರ್ಟ್ ಯು ಓಡಿಸಿ, ಅದು ಒಂದೇ ಥರದ ಸಾಲುಗಳಲ್ಲಿ ಒಂದನ್ನು ಮಾತ್ರ ಉಳಿಸುತ್ತದೆ. ಸಾಲಿನ ಸಂಖ್ಯೆ ಕಡಿಮೆಯಾದರೆ ಎಲ್ಲೋ ನಂಬರ್ ಎರಡೆರಡು ಸಲ ಬಂದಿದೆ ಅಂತ ಅರ್ಥ.

94 ಹಾಳೆಗೆ ಎಂಟರಂತೆ 752 ಆಗುತ್ತದೆ. ಎರಡು ಹೆಚ್ಚು. 751 ಮತ್ತು 752, ಕೊನೆಯ ಎರಡು ಹಾಳೆಗಳ ಎಂಟನೇ ಜಾಗದಲ್ಲಿ. ಅಂಗಡಿಯ ಹುಡುಗ 750 ದಾಟಿದರೆ ಖಾಲಿ ಬಿಡು ಅಂತ ಇಫ್ ಹಾಕುತ್ತೇನೆ ಅಂದ. ಲಕ್ಕಿ ಡ್ರಾ ಚೀಟಿಯಾಗಿದ್ದರೆ ಆ ಎರಡನ್ನು ನಾನೇ ಹರಿದು ಹಾಕುತ್ತಿದ್ದೆ, ಅಲ್ಲಿ ಒಂದು ನಂಬರ್ ಹೆಚ್ಚಾದರೂ ಜಗಳ. ಇದು ಊಟದ್ದು. ಕಟ್ಟು ಒಯ್ಯಲು ಬಂದ ಕಮಿಟಿಯ ಕಾಕಾಗೆ ಎರಡು ಜಾಸ್ತಿ ಇವೆ, ತೆಗೆಯಲಾ ಅಂತ ಕೇಳಿದೆ. "ಇರ್ಲಿ ಬಿಡ್ರಿ, ಅಡಿಗಿ ಸಾವಿರ ಮಂದಿಗಿ ಮಾಡ್ಸೀವಿ" ಅಂದರು.